ಸಂದರ್ಶನದ ಕೋಣೆಯಲ್ಲಿ ಗಡಿನಾಡಿನ ಅಭ್ಯರ್ಥಿ

ನಮ್ಮ ತರುಣರು ಲಿಖಿತ ಪರೀಕ್ಷೆಗಿಂತ ಹೆಚ್ಚಾಗಿ ಸಂದರ್ಶನಕ್ಕೆ ಅಂಜುತ್ತಾರೆ. ಧರೂರು, ಗದ್ವಾಲ, ಮಕ್ತಲ, ನಾರಾಯಣಪೇಟೆಗಳ ಕಡೆಯ ಕನ್ನಡ ಮಕ್ಕಳಲ್ಲಿ ಈ ಅಂಜಿಕೆ ಇಮ್ಮಡಿಯಾಗಿರುತ್ತದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಅರ್ಜಿಯಲ್ಲಿ ಇಂಗ್ಲಿಷ್. ಆಯ್ಕೆ ಸಮಿತಿಯ ಮುಂದೆ ಯಾವ ಮಾತಿನಲ್ಲಿ ಬಾಯಿ ತೆರೆಯಬೇಕೆಂಬುದೇ ಅವರ ಮೊದಲ ಚಿಂತೆ. ಒಳಗೆ ನಡೆಯುವುದೇನೆಂಬುದನ್ನು ಮೊದಲೇ ತಿಳಿಸಿಕೊಟ್ಟರೆ ಅರ್ಧ ಭಯ ತಾನಾಗಿ ಕಳೆಯುತ್ತದೆ. ಆ ಕೆಲಸ ಉಪಾಧ್ಯಾಯರಾದ ನಮ್ಮದು.

ಮೊದಲು ತಿಳಿಯಬೇಕಾದುದು, ಸಂದರ್ಶನವು ಎಲ್ಲಿ ಉಂಟು, ಎಲ್ಲಿ ಇಲ್ಲ ಎಂಬುದು. ಕೇಂದ್ರ ಸರ್ಕಾರವು 2016ರ ಜನವರಿ 1ರಿಂದ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನು ಕೈಬಿಟ್ಟಿತು. ತೆಲಂಗಾಣ ಸರ್ಕಾರವು 2022ರಲ್ಲಿ ಗ್ರೂಪ್‌ 1 ಮತ್ತು ಗ್ರೂಪ್‌ 2 ಹುದ್ದೆಗಳಿಗೂ ಅದನ್ನು ತೆಗೆದುಹಾಕಿತು. ಅದೇ ರಾಜ್ಯದ 2024ರ ಡಿ.ಎಸ್‌.ಸಿ. ನೇಮಕದಲ್ಲಿ ಲಿಖಿತ ಪರೀಕ್ಷೆಯ ಮತ್ತು ಟೆಟ್‌ನ ಅಂಕಗಳು ಗಣನೆಗೆ ಬಂದುವೇ ಹೊರತು ಸಂದರ್ಶನವಿರಲಿಲ್ಲ. ಆದುದರಿಂದ ಇಂಥ ಹುದ್ದೆಗಳಿಗೆ “ಸಂದರ್ಶನದ ಅಂಕ ಕೊಡಿಸುತ್ತೇನೆ” ಎಂದು ಹಣ ಕೇಳುವವನು ವಂಚಕನೆಂದೇ ತಿಳಿಯಬೇಕು. ಹೊಲ ಅಡವಿಟ್ಟು ಹಣ ಹೊಂದಿಸುವ ಮೊದಲು ತಂದೆತಾಯಿಗಳು ಈ ಮಾತನ್ನು ಕೇಳಿರುವುದು ಒಳ್ಳೆಯದು. ಖಾಸಗಿ ಶಾಲೆಗಳಲ್ಲಿಯೂ ವಿಶ್ವವಿದ್ಯಾಲಯಗಳ ಅಧ್ಯಾಪಕ ಹುದ್ದೆಗಳಲ್ಲಿಯೂ ಸಂದರ್ಶನ ಇದ್ದೇ ಇದೆ. ಕೇಂದ್ರ ಲೋಕಸೇವಾ ಆಯೋಗದ ಸಿವಿಲ್‌ ಸೇವಾ ಪರೀಕ್ಷೆಯ 2025 ಅಂಕಗಳಲ್ಲಿ 275 ಅಂಕಗಳು ಅದಕ್ಕೇ ಮೀಸಲು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಅಲ್ಲಿ ಕನ್ನಡದಲ್ಲಿಯೇ ಉತ್ತರಿಸಲು ಅವಕಾಶವಿದೆ.

ಎರಡನೆಯದು ಕಾಗದಪತ್ರಗಳ ವಿಚಾರ. ತೆಲುಗು ಪದ್ಧತಿಯಂತೆ ಮನೆತನದ ಹೆಸರು ಮೊದಲು ಬರುತ್ತದೆ. ಕನ್ನಡ ಪದ್ಧತಿಯಲ್ಲಿ ತಂದೆಯ ಅಥವಾ ಊರಿನ ಹೆಸರಿನ ಮೊದಲಕ್ಷರ ಸೇರುತ್ತದೆ. ಹೀಗೆ ಒಬ್ಬನೇ ಹುಡುಗನು ಶಾಲೆಯ ದಾಖಲೆಯಲ್ಲಿ ಒಂದು ಬಗೆಯಾಗಿಯೂ ಆಧಾರ್‌ ಚೀಟಿಯಲ್ಲಿ ಇನ್ನೊಂದು ಬಗೆಯಾಗಿಯೂ ಇರುವುದುಂಟು. ಈ ತೊಡಕನ್ನು ಸಂದರ್ಶನದ ಬೆಳಗ್ಗೆ ಬಿಡಿಸಲಾಗದು. ಹತ್ತನೆಯ ತರಗತಿಯ ಪರೀಕ್ಷೆಯ ಅರ್ಜಿ ತುಂಬುವಾಗಲೇ ಉಪಾಧ್ಯಾಯರು ಅಕ್ಷರ ಅಕ್ಷರವನ್ನೂ ನೋಡಿ ತಿದ್ದಿಸಬೇಕು.

ಇನ್ನು ಕೋಣೆಯೊಳಗಿನ ಸಂಗತಿ. ಅನುಮತಿ ಕೇಳಿ ಒಳಹೋಗಿ, ನಮಸ್ಕರಿಸಿ, ಹೇಳಿದ ಮೇಲೆ ಕುಳಿತರೆ ಸಾಕು. ಸಾಮಾನ್ಯವಾಗಿ ಮೊದಲು ಬರುವ ಪ್ರಶ್ನೆಗಳು ಹೆಸರು, ಊರು, ಓದು. ಎದೆ ಹಗುರವಾಗಲೆಂದು ಕೇಳುವ ಪ್ರಶ್ನೆಗಳು ಇವು. ಆದರೆ ನಮ್ಮವರು ಅನೇಕರು ಎಡವುವುದೂ ಇಲ್ಲಿಯೇ. ಧರೂರಿನ ಅಭ್ಯರ್ಥಿಯೊಬ್ಬನನ್ನು “ತೆಲಂಗಾಣದವರಾದ ನಿಮಗೆ ಕನ್ನಡ ಹೇಗೆ ಬಂತು?” ಎಂದು ಕೇಳಿದರೆಂದುಕೊಳ್ಳೋಣ. ತಪ್ಪು ಮಾಡಿದವನಂತೆ ತಲೆ ತಗ್ಗಿಸಬೇಕಾದ ಕಾರಣವಿಲ್ಲ. “ಗದ್ವಾಲ, ಆಲಂಪುರ ತಾಲ್ಲೂಕುಗಳು ಹೈದರಾಬಾದ್‌ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. 1956ರ ನವೆಂಬರ್‌ 1ರಂದು ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಗೆ ಸೇರಿದವು. 2014ರಲ್ಲಿ ತೆಲಂಗಾಣವಾಯಿತು; 2016ರಲ್ಲಿ ಗದ್ವಾಲವೇ ಜಿಲ್ಲೆಯ ಕೇಂದ್ರವಾಯಿತು. ಗೆರೆ ಬದಲಾಯಿತು, ಮನೆಮಾತು ಉಳಿಯಿತು” ಎಂದರೆ ಅದು ಪೂರ್ಣವಾದ ಉತ್ತರ. ಸಮೀಪದ ಕೃಷ್ಣೆಯ ಮೇಲಿನ ಜೂರಾಲ ಅಣೆಕಟ್ಟಿನಿಂದಾಗುವ ಉಪಯೋಗವೇನು, ಗದ್ವಾಲದ ಸೀರೆಯಲ್ಲಿ ನೂಲಿನ ಒಡಲಿಗೆ ರೇಷ್ಮೆಯ ಅಂಚು ಕೂಡುವುದು ಹೇಗೆ ಎಂಬವೂ ಇಂಥ ಪ್ರಶ್ನೆಗಳೇ. ತನ್ನ ಊರನ್ನು ಅರಿಯದವನು ಊರಿನಾಚೆಯದನ್ನು ಎಷ್ಟು ಬಾಯಿಪಾಠ ಮಾಡಿದರೂ ಮಾತಿಗೆ ತೂಕ ಬಾರದು.

ಮುಂದಿನ ಪ್ರಶ್ನೆಗಳು ವಿಷಯಜ್ಞಾನಕ್ಕೆ ಸಂಬಂಧಿಸಿದವು. ತಿಳಿಯದುದನ್ನು “ತಿಳಿಯದು” ಎನ್ನುವುದು ಅವಮಾನವಲ್ಲ. ಊಹೆಯನ್ನು ನಿಶ್ಚಯವೆಂಬಂತೆ ಹೇಳಿದರೆ ಮಾತ್ರ ಎರಡನೆಯ ಪ್ರಶ್ನೆಗೆ ಸಿಕ್ಕಿಬೀಳಬೇಕಾಗುತ್ತದೆ. ಅಭಿಪ್ರಾಯ ಕೇಳಿದಾಗ ಎರಡೂ ಪಕ್ಷಗಳನ್ನು ಹೇಳಿ, ತನ್ನ ನಿಲುವನ್ನು ಕಾರಣಸಹಿತ ತಿಳಿಸಬೇಕು. ಶಿಕ್ಷಕ ಹುದ್ದೆಗಳಲ್ಲಿ ಪಾಠ ಮಾಡಿ ತೋರಿಸೆನ್ನುವುದೂ ಉಂಟು. ಕೇಂದ್ರೀಯ ವಿದ್ಯಾಲಯಗಳ 2022ರ ನೇಮಕ ಪ್ರಕಟಣೆಯಲ್ಲಿ ಸಂದರ್ಶನದೊಡನೆ ಇದೂ ಸೇರಿತ್ತು. ಅಂಥ ವೇಳೆ ಸಮಿತಿಯವರನ್ನು ವಿದ್ಯಾರ್ಥಿಗಳೆಂದೇ ಭಾವಿಸಿ, ಒಂದು ಚಿಕ್ಕ ಅಂಶವನ್ನು ಒಂದು ಉದಾಹರಣೆಯೊಡನೆ ಮುಗಿಸುವುದೇ ಜಾಣತನ. ಮಾತಿನ ನಡುವೆ ತೆಲುಗಿನ ಪದವೊಂದು ನುಸುಳಿದರೆ ನಾಚಿ ನಿಲ್ಲಬಾರದು. ಸರಿಯಾದ ಪದವನ್ನು ಹೇಳಿ ಮುಂದುವರಿಯಬೇಕು.

ಇದಕ್ಕೆಲ್ಲ ಬೇರೆ ತರಬೇತಿ ಕೇಂದ್ರವೇ ಬೇಕೆಂದಿಲ್ಲ. ವಾರಕ್ಕೊಮ್ಮೆ ಒಬ್ಬ ವಿದ್ಯಾರ್ಥಿಯನ್ನು ತರಗತಿಯ ಮುಂದೆ ನಿಲ್ಲಿಸಿ, “ನಿನ್ನ ಊರಿನ ವಿಚಾರ ಐದು ನಿಮಿಷ ಹೇಳು” ಎನ್ನೋಣ. ಉಳಿದವರು ಪ್ರಶ್ನೆ ಕೇಳಲಿ. ಹತ್ತು ವರ್ಷಗಳ ಶಾಲೆಯಲ್ಲಿ ಒಮ್ಮೆಯೂ ಬಾಯಿ ತೆರೆಯದ ಮಗುವು ಒಂದು ದಿನ ಆಯ್ಕೆ ಸಮಿತಿಯ ಮುಂದೆ ಮೂಕವಾದರೆ, ಆ ಮೌನದಲ್ಲಿ ನಮ್ಮ ಪಾಲೂ ಇರುತ್ತದೆಯೆಂಬುದನ್ನು ಉಪಾಧ್ಯಾಯ ಬಂಧುಗಳು ಮರೆಯಬಾರದು.