ಕಾರು ಗುಜರಿಗೆ, ಕಂಠ ಅಂಗಡಿಗೆ!

ಶಿವಗಂಗೆ: ಬೆಟ್ಟದ ಮೇಲೆ ಗಂಗಾಧರೇಶ್ವರನ ಲಿಂಗಕ್ಕೆ ತುಪ್ಪ ಸವರಿದರೆ ಬೆಣ್ಣೆಯಾಗುತ್ತದೆ ಎಂಬುದು ಭಕ್ತರ ನಂಬಿಕೆ. ಬೆಟ್ಟದ ಬುಡದ ಅಂಗಡಿ ಸಾಲಿನವರು ಇನ್ನೊಂದು ಪವಾಡ ಮಾಡಿಕೊಳ್ಳಬಹುದು. ಇದಕ್ಕೆ ನಂಬಿಕೆ ಬೇಡ, ಗರಗಸ ಸಾಕು. ಗುಜರಿ ಸೇರಿದ ಕಾರಿನ ಬಾಗಿಲಿನಿಂದ ಬಿಚ್ಚಿದ ಸ್ಪೀಕರು, ಆಚಾರಿಯ ಕೆಲಸದಲ್ಲಿ ಮಿಕ್ಕ ಪ್ಲೈವುಡ್ ತುಂಡು; ಎರಡನ್ನೂ ಕೂಡಿಸಿದರೆ ಹೋಟೆಲಿಗೋ ದಿನಸಿ ಅಂಗಡಿಗೋ ಒಪ್ಪುವಂಥ ಹಾಡಿನ ಪೆಟ್ಟಿಗೆ ತಯಾರು.

ಸ್ಪೀಕರಿಗೇನು ಬರವಿಲ್ಲ. ಕಾರಿನ ಇಂಜಿನ್ನು ಸತ್ತರೂ ಸ್ಪೀಕರು ಅಷ್ಟು ಬೇಗ ಸಾಯುವುದಿಲ್ಲ. ಹೊಸ ಕಾರು ಕೊಂಡವರು ಕಂಪನಿಯ ಸ್ಪೀಕರು ಕಿತ್ತು ದೊಡ್ಡದು ಹಾಕಿಸಿಕೊಳ್ಳುವುದೂ ಉಂಟು. ಹಾಗೆ ಕಿತ್ತದ್ದು ಗ್ಯಾರೇಜಿನ ಮೂಲೆಯಲ್ಲೋ ಬೆಂಗಳೂರಿನ ಶಿವಾಜಿನಗರದ ಗುಜರಿ ಸಾಲಿನಲ್ಲೋ ಧೂಳು ತಿನ್ನುತ್ತಿರುತ್ತದೆ. ಚೌಕಾಸಿ ಬಲ್ಲವನಿಗೆ ಜೋಡಿ ಅಗ್ಗವಾಗಿಯೇ ಸಿಕ್ಕೀತು.

ಆದರೆ ತಂದವರಲ್ಲಿ ಕೈ ಸುಟ್ಟುಕೊಂಡವರೇ ಹೆಚ್ಚು. “ಕಾರಲ್ಲಿ ಗುಂಯ್ ಅಂತಿತ್ತು ಸ್ವಾಮಿ, ಅಂಗಡಿಗೆ ತಂದು ಮೊಳೆಗೆ ನೇತುಹಾಕಿದ್ರೆ ಸೊಳ್ಳೆ ಥರಾ ಕುಂಯ್ ಅಂತದೆ” ಎಂಬ ದೂರು ಹಳೆಯದು. ತಪ್ಪು ಸ್ಪೀಕರಿನದಲ್ಲ. ಅದರ ಮನೆ ಕಿತ್ತುಕೊಂಡವರದು!

ಬಾಗಿಲೇ ಪೆಟ್ಟಿಗೆ

ಸ್ಪೀಕರಿನ ಕಾಗದದ ಕೋನು ಮುಂದಕ್ಕೆ ಗಾಳಿ ತಳ್ಳುವಾಗ ಹಿಂದಕ್ಕೆ ಗಾಳಿ ಎಳೆಯುತ್ತದೆ. ಬಯಲಲ್ಲಿಟ್ಟರೆ ಮುಂದಿನ ಗಾಳಿ ಅಂಚು ಸುತ್ತಿ ಹಿಂದಕ್ಕೆ ಓಡಿಬಿಡುತ್ತದೆ. ಕೂಡಿದ್ದೂ ಕಳೆದದ್ದೂ ಸರಿಹೋಗಿ ತಬಲಾ, ಡೋಲಿನಂಥ ದಪ್ಪ ಸ್ವರಗಳು ಮಾಯ. ಉಳಿಯುವುದು ಬರೀ ಕುಂಯ್. ಕಾರಿನಲ್ಲಿ ಈ ಓಟಕ್ಕೆ ಅಡ್ಡ ನಿಲ್ಲುವುದು ಬಾಗಿಲಿನ ತಗಡು. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಹಿಂದಿನ ಸೀಟಿನ ಬೆನ್ನಿಗಿದ್ದ ಹಲಗೆಗೆ ಸ್ಪೀಕರು ಕೂರಿಸುತ್ತಿದ್ದರು. ಡಿಕ್ಕಿಯೇ ಅದಕ್ಕೆ ಪೆಟ್ಟಿಗೆ.

ಅನುಮಾನವಿದ್ದವರು ಒಂದು ರಟ್ಟಿನ ನಡುವೆ ತೂತು ಕೊರೆದು ಸ್ಪೀಕರನ್ನು ಒತ್ತಿ ಹಿಡಿದು ನೋಡಲಿ. ಅಷ್ಟಕ್ಕೇ ದನಿ ದಪ್ಪಗಾಗುತ್ತದೆ. ಮಡಕೆಯ ಬಾಯಿಗೆ ಸ್ಪೀಕರು ಮಗುಚಿ ಹಾಡು ಕೇಳುತ್ತಿದ್ದ ಹಳ್ಳಿಯ ಹುಡುಗರು ಕಂಡುಕೊಂಡದ್ದೂ ಇದೇ ಗುಟ್ಟು. ಆದರೆ ಮಡಕೆ ತನಗೆ ಬೇಕಾದ ಒಂದೇ ಸ್ವರವನ್ನು ಊದಿಸುತ್ತದೆ. ಎಲ್ಲ ಹಾಡೂ ಒಂದೇ ಗುಂಯ್!

ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಪೂರ್ತಿ ಮುಚ್ಚಿದ ಸಣ್ಣ ಪೆಟ್ಟಿಗೆಯಿಂದ ದೊಡ್ಡ ದನಿ ತೆಗೆದು ತೋರಿಸಿದ. ಒಳಗೆ ಸೆರೆಸಿಕ್ಕ ಗಾಳಿಯೇ ಸ್ಪ್ರಿಂಗಿನಂತೆ ಕೋನನ್ನು ಹಿಡಿದಿಡುತ್ತದೆ ಎಂಬುದು ಅವನ ಉಪಾಯ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಬಳಿಕ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಪೆಟ್ಟಿಗೆಯ ಲೆಕ್ಕವನ್ನು ಸೂತ್ರಕ್ಕಿಳಿಸಿದರು. ಅಂದಿನಿಂದ ಇದು ಊಹೆಯ ಕೆಲಸವಲ್ಲ, ಅಳತೆಯ ಕೆಲಸ.

ಕೊಳ್ಳುವ ಮುನ್ನ

ಗುಜರಿ ಮಾಲಿಗೆ ಗ್ಯಾರಂಟಿ ಕಾರ್ಡಿಲ್ಲ. ಪರೀಕ್ಷೆ ನಮ್ಮ ಕೈಯಲ್ಲೇ ಇದೆ. ಎರಡು ಹೆಬ್ಬೆರಳಿಂದ ಕೋನನ್ನು ಮೆಲ್ಲಗೆ ಸಮವಾಗಿ ಒತ್ತಬೇಕು. ಒಳಗೆ ಕರಕರ ಎಂದರೆ ಕಾಯಿಲ್ ಉಜ್ಜುತ್ತಿದೆ, ಬಿಟ್ಟು ಬನ್ನಿ. ಅಂಚಿನ ಫೋಮು ಬೆರಳಿಗೆ ಪುಡಿಪುಡಿಯಾದರೂ ಬೇಡ. ಮೀಟರ್ ಹಿಡಿದರೆ 4 ಓಮಿನ ಸ್ಪೀಕರು ಮೂರು, ಮೂರೂವರೆ ತೋರಿಸುತ್ತದೆ. ಏನೂ ತೋರಿಸದಿದ್ದರೆ ಒಳಗಿನ ತಂತಿ ಹೋಗಿದೆ. ಒಂದೂವರೆ ವೋಲ್ಟಿನ ಬ್ಯಾಟರಿ ಸೆಲ್ಲು ಒಂದು ಕ್ಷಣ ತಾಗಿಸಿ. ಟಪ್ ಎಂದು ಕೋನು ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ ಕಡೆಯೇ ಸ್ಪೀಕರಿನ ಪ್ಲಸ್. ಎರಡು ಸ್ಪೀಕರಿಗೆ ಪ್ಲಸ್-ಮೈನಸ್ ಅದಲುಬದಲಾದರೆ ಒಂದು ತಳ್ಳುವಾಗ ಇನ್ನೊಂದು ಎಳೆದು ಮತ್ತೆ ದಪ್ಪ ಸ್ವರಕ್ಕೆ ಸೊನ್ನೆ.

ಹದಿನೈದು ಲೀಟರಿನ ಲೆಕ್ಕ

ಆರೂವರೆ ಅಂಗುಲದ ಸಾಮಾನ್ಯ ಕಾರು ಸ್ಪೀಕರಿಗೆ ಸುಮಾರು 15 ಲೀಟರಿನ ಮುಚ್ಚಿದ ಪೆಟ್ಟಿಗೆಯಿಂದ ಶುರು ಮಾಡಬಹುದು. ಬಾಗಿಲಿಗೆಂದೇ ಮಾಡಿದ ಸ್ಪೀಕರಾದ್ದರಿಂದ ಕೊಂಚ ದೊಡ್ಡದಾದರೂ ಸೈ, ತೀರಾ ಚಿಕ್ಕದಾದರೆ ಗುಮ್ಮೆನ್ನುತ್ತದೆ. ಒಳ ಅಳತೆ 20, 25, 30 ಸೆಂಟಿಮೀಟರ್ ಇಟ್ಟರೆ ಗುಣಿಸಿ ನೋಡಿ, ಸರಿಯಾಗಿ 15,000 ಘನ ಸೆಂಟಿಮೀಟರ್. 18 ಮಿಲಿಮೀಟರ್ ಪ್ಲೈವುಡ್ ಆದರೆ ಹೊರ ಅಳತೆಗೆ ಪ್ರತಿ ಕಡೆಯೂ 3.6 ಸೆಂಟಿಮೀಟರ್ ಸೇರಿಸಬೇಕು. ಎರಡು ಪೆಟ್ಟಿಗೆಗೆ ಬೇಕಾಗುವುದು ಹತ್ತು-ಹನ್ನೊಂದು ಚದರಡಿ. ಎಂಟು-ನಾಲ್ಕರ ಒಂದು ಹಾಳೆಯಲ್ಲಿ ಮೂರನೇ ಒಂದು ಪಾಲು! ಕಪಾಟಿನ ಕೆಲಸ ಮುಗಿಸಿದ ಆಚಾರಿಯ ಬಳಿ ಇಷ್ಟು ತುಂಡು ಮಿಕ್ಕಿಯೇ ಇರುತ್ತದೆ.

ತೆಳು ಹಲಗೆ ಬೇಡ. ಶಿವಗಂಗೆಯ ಬಂಡೆ ಹೇಗೆ ಅಲುಗಾಡದೋ ಪೆಟ್ಟಿಗೆಯ ಗೋಡೆಯೂ ಹಾಗೇ ಅಲುಗಾಡಬಾರದು. ಹಾಡಬೇಕಾದ್ದು ಕೋನು, ಹಲಗೆಯಲ್ಲ. ಸಂದುಗಳಿಗೆ ಫೆವಿಕಾಲ್ ಹಚ್ಚಿ ಸ್ಕ್ರೂ ಬಿಗಿದು ಒಂದು ರಾತ್ರಿ ಒಣಗಲು ಬಿಡಬೇಕು. ಸ್ಪೀಕರಿನ ತೂತಿಗೆ ಯಾರದೋ ಅಳತೆ ನಂಬದೆ ಕೈಯಲ್ಲಿರುವ ಸ್ಪೀಕರನ್ನೇ ಅಳೆದು ಕೊರೆಯಬೇಕು. ತಂತಿ ಹೊರಬರುವ ಕಿಂಡಿಯನ್ನು ಎಂ-ಸೀಲಿನಿಂದ ಮುಚ್ಚಿ, ಒಳಗೆ ಹಳೆ ದಿಂಬಿನ ನಾರು ಸಡಿಲವಾಗಿ ತುಂಬಿದರೆ ಪ್ರತಿಧ್ವನಿ ಅಡಗುತ್ತದೆ. ಕೊನೆಗೆ ಕೋನನ್ನು ಮೆಲ್ಲಗೆ ಒತ್ತಿ ಬಿಡಿ. ಕೊಂಚ ತಡೆದು ವಾಪಸು ಬಂದರೆ ಪೆಟ್ಟಿಗೆ ಭದ್ರ. ಥಟ್ಟನೆ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ.

ಶಿವಗಂಗೆಯಲ್ಲಿ ಇನ್ನೊಂದು ಖರ್ಚು ತಪ್ಪಿಸುವಂತಿಲ್ಲ: ಮುಂದೆ ಕಬ್ಬಿಣದ ಜಾಲರಿ. ಪ್ರಸಾದದ ಬಾಳೆಹಣ್ಣನ್ನೇ ಬಿಡದ ಕೋತಿಗಳು ಕಾಗದದ ಕೋನು ಬಿಟ್ಟಾವೆಯೆ?

ಸಾವಿರ ವ್ಯಾಟಿನ ಸುಳ್ಳು

ಪೆಟ್ಟಿಗೆ ಆಯಿತು, ಆಂಪ್ಲಿಫೈಯರು? ಡಬ್ಬದ ಮೇಲೆ 1000 ವ್ಯಾಟ್ ಎಂದು ಬಣ್ಣದಲ್ಲಿ ಬರೆದದ್ದಕ್ಕೆ ಮರುಳಾಗಿ ದುಡ್ಡು ಸುರಿಯುವ ಮುನ್ನ ಗಣಿತ ಕೇಳಿ. 12 ವೋಲ್ಟಿನ ಬ್ಯಾಟರಿಯಿಂದ ನೇರವಾಗಿ ನಡೆಯುವ ಸಾದಾ ಸರ್ಕ್ಯೂಟು 4 ಓಮಿನ ಸ್ಪೀಕರಿಗೆ ಕೊಡಬಲ್ಲದ್ದು ನಾಲ್ಕೂವರೆ ವ್ಯಾಟ್. ಬ್ರಿಡ್ಜ್ ಮಾಡಿದರೆ 18. ಅದರಾಚೆ ಶುದ್ಧ ದನಿಯಿಲ್ಲ, ಬರೀ ಒಡಕು. ರಿಪೇರಿಯವರಿಗೆಲ್ಲ ಗೊತ್ತಿರುವ 4440 ಐಸಿಯ ಬೋರ್ಡು ಇಷ್ಟು ಕೆಲಸಕ್ಕೆ ಸಾಕು. 18 ವ್ಯಾಟನ್ನು 36 ಮಾಡಿದರೂ ಏರುವುದು ಮೂರೇ ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರೆನಿಸಲು ಹತ್ತು ಪಟ್ಟು ವ್ಯಾಟ್ ಬೇಕು. ಟೀ ಅಂಗಡಿಗೆ ಅದೇಕೆ?

ಅಪಾಯವಿರುವುದೂ ಇಲ್ಲೇ. 8 ಓಮಿಗೆ ಮಾಡಿದ ಮನೆಯ ಆಂಪ್ಲಿಫೈಯರಿಗೆ 4 ಓಮಿನ ಕಾರು ಸ್ಪೀಕರು ಕಟ್ಟಿದರೆ ಕರೆಂಟು ಎರಡರಷ್ಟು ಹರಿದು ಐಸಿ ಸುಡುತ್ತದೆ. ಎರಡನ್ನು ಒಂದರ ಹಿಂದೊಂದು ಕಟ್ಟಿದರೆ 8 ಓಮ್, ಸುರಕ್ಷಿತ. ಅಕ್ಕಪಕ್ಕ ಕಟ್ಟಿದರೆ 2 ಓಮ್, ಹೊಗೆ ಗ್ಯಾರಂಟಿ. ಬ್ಯಾಟರಿಯ ಪ್ಲಸ್ ತಂತಿಗೆ, ಬ್ಯಾಟರಿಯ ಪಕ್ಕದಲ್ಲೇ, 5 ಆಂಪಿಯರಿನ ಫ್ಯೂಸು ಇರಲೇಬೇಕು. “ಹನ್ನೆರಡೇ ವೋಲ್ಟಲ್ವಾ, ಏನಾಗ್ತದೆ?” ಎನ್ನುವವರಿದ್ದಾರೆ. ಷಾಕ್ ಹೊಡೆಯದಿರಬಹುದು, ಆದರೆ ಷಾರ್ಟಾದ ಬ್ಯಾಟರಿ ತಂತಿಯನ್ನು ಕೆಂಪಗೆ ಕಾಯಿಸುತ್ತದೆ. ಟಾರ್ಪಾಲು, ರಟ್ಟು, ಗ್ಯಾಸ್ ಸಿಲಿಂಡರು ಒಟ್ಟಿಗಿರುವ ಅಂಗಡಿಯಲ್ಲಿ ಅಷ್ಟು ಸಾಕು. ಕೆಲವೇ ರೂಪಾಯಿಯ ಫ್ಯೂಸು ಇಡೀ ಅಂಗಡಿಯ ಕಾವಲು.

ಹತ್ತು ಗಂಟೆಯ ಗೆರೆ

ಪೆಟ್ಟಿಗೆ ಚೆನ್ನಾಗಿ ಬಂದಷ್ಟೂ ಕೈ ವಾಲ್ಯೂಮಿನ ಕಡೆ ಹೋಗುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೊಳಗಿಸುವಂತಿಲ್ಲ. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಅಂಗಡಿ ಬೀದಿಗೆ 65 ಮತ್ತು 55. ಹಬ್ಬಗಳಿಗೆ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡಲು ಸರ್ಕಾರಕ್ಕೆ ಅಧಿಕಾರವಿದೆ, ಅದೂ ವರ್ಷಕ್ಕೆ 15 ದಿನ ಮೀರದಂತೆ.

ಸಂಕ್ರಾಂತಿಯ ಗಿರಿಜಾ ಕಲ್ಯಾಣಕ್ಕೆ ಜನ ಸೇರಿದಾಗ ಅಂಗಡಿಗೊಂದು ಪೆಟ್ಟಿಗೆ ಕೂಗತೊಡಗಿದರೆ ಯಾರ ಹಾಡೂ ಯಾರಿಗೂ ಕೇಳದು. ಕಳೆದುಹೋದ ಮಗುವಿನ ಹೆಸರು ಮೈಕಿನಲ್ಲಿ ಹೇಳಿದರೂ ತಾಯಿಯ ಕಿವಿಗೆ ಬೀಳದು. ಪರೀಕ್ಷೆಗೆ ಓದುವ ಮಕ್ಕಳು, ಮುಂಜಾನೆಯ ಮೊದಲ ಬಸ್ಸಿಗೆ ಏಳಬೇಕಾದ ಕಂಪನಿ ಕೆಲಸದವರು ಬೆಟ್ಟದ ಬುಡದಲ್ಲೂ ಇದ್ದಾರೆ.

ಒಳ್ಳೆಯ ಪೆಟ್ಟಿಗೆಯ ಲಾಭವೇ ಇದು: ಮೆಲ್ಲಗೆ ಹಾಡಿದರೂ ತಬಲಾ ಕೇಳುತ್ತದೆ, ಗಿರಾಕಿಯೂ “ಎರಡು ಇಡ್ಲಿ” ಅಂದದ್ದು ಕೇಳುತ್ತದೆ. ಕಾರಿನಲ್ಲಿ ನಾಲ್ಕು ಜನರಿಗೆ ಹಾಡುತ್ತಿದ್ದ ಸ್ಪೀಕರು ಅಂಗಡಿಯಲ್ಲಿ ಹತ್ತು ಜನರಿಗೆ ಹಾಡಿದರೆ ಸಾಕು. ಊರಿಗೆಲ್ಲ ಹಾಡುವ ಉಸಾಬರಿ ಅದಕ್ಕೇಕೆ?