ಸಿಲಿಂಡರ್ ಕೊಳ್ಳುವ ಮುನ್ನ ಅದರ ಕುತ್ತಿಗೆ ನೋಡಿ

ಮನೆಯಲ್ಲೇ ಮಿಗ್, ಟಿಗ್ ವೆಲ್ಡಿಂಗ್ ಕಲಿಯುವ ಆಸೆಯುಳ್ಳವರಿಗೆ ಯಂತ್ರಕ್ಕಿಂತ ಗ್ಯಾಸಿನ ಲೆಕ್ಕವೇ ತಲೆನೋವು. ಬಾಡಿಗೆ ಸಿಲಿಂಡರಿಗೆ ಠೇವಣಿ ಕಟ್ಟಬೇಕು. ಅದು ಮೂಲೆಯಲ್ಲಿ ಸುಮ್ಮನೆ ನಿಂತಿದ್ದರೂ ಬಾಡಿಗೆ ಓಡುತ್ತಿರುತ್ತದೆ. ದಿನವೂ ಕೆಲಸವಿರುವ ವರ್ಕ್‌ಶಾಪಿಗೆ ಅದು ಸರಿ. ರಜೆಯಲ್ಲಿ ಮಾತ್ರ ಟಾರ್ಚ್ ಹಿಡಿಯುವವರಿಗೆ 10 ಲೀಟರಿನ ಸ್ವಂತ ಸಿಲಿಂಡರೇ ವಾಸಿ ಎನ್ನುತ್ತೇನೆ. 150 ಬಾರ್ ಒತ್ತಡದಲ್ಲಿ ಅದರೊಳಗೆ ಸುಮಾರು 1500 ಲೀಟರ್ ಆರ್ಗಾನ್ ಇರುತ್ತದೆ (ಬಾಯ್ಲ್ ನಿಯಮ ಪರೀಕ್ಷೆಗಷ್ಟೇ ಅಲ್ಲ!). ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ ಬರುತ್ತದೆ.

ಹಳೆಯದು ಅಗ್ಗಕ್ಕೆ ಸಿಕ್ಕರೆ ಕುತ್ತಿಗೆಯ ಬಳಿ ಒತ್ತಿರುವ ಪರೀಕ್ಷೆಯ ದಿನಾಂಕ ನೋಡಿ. 5 ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಿರಬೇಕು. ಅವಧಿ ಮೀರಿದ್ದನ್ನು ಮರುಪರೀಕ್ಷೆಯಿಲ್ಲದೆ ತುಂಬುವಂತಿಲ್ಲ. ಅದರಲ್ಲಿ ಫೇಲಾದರೆ ಕೊಟ್ಟ ಹಣ ಗುಜರಿಗೆ. ಗ್ಯಾಸ್ ಕಂಪನಿಯ ಹೆಸರು ಕೆತ್ತಿದ್ದರೆ ಮಾರುವವನದೇ ಎಂದು ನಂಬಬೇಡಿ. ಅದು ಬೇರೆಯವರ ಅಮಾನತ್ ಇರಬಹುದು, ಕಾಗದ ಕೇಳಿ.

ಆರ್ಗಾನ್ ಸಿಲಿಂಡರ್ ನೀಲಿ, ಆಕ್ಸಿಜನ್ ಕಪ್ಪು. ಕಾರ್ಬನ್ ಡೈಆಕ್ಸೈಡ್ ಒಳಗೆ ದ್ರವವಾಗಿರುವುದರಿಂದ ಗೇಜಿನ ಮುಳ್ಳು ಬಹುಪಾಲು ಕೊನೆಯವರೆಗೂ ಇಳಿಯುವುದಿಲ್ಲ. ರೀಫಿಲ್ ಪಡೆಯುವಾಗ ತೂಕ ಮಾಡಿಸಿ. ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ನಾವೇ ತುಂಬಿಕೊಳ್ಳುವ ಉಳಿತಾಯ ಮಾತ್ರ ಬೇಡ. ಪರವಾನಗಿಯಿಲ್ಲದೆ ತುಂಬುವುದು ಕಾನೂನುಬಾಹಿರ, ಜೀವಕ್ಕೂ ಅಪಾಯ.

ಬರೀ ಗೇಟು, ಸ್ಟೂಲು ಬೆಸೆಯುವುದಾದರೆ ರಾಡ್ ವೆಲ್ಡಿಂಗೇ ಸಾಕು, ಅದಕ್ಕೆ ಗ್ಯಾಸೇ ಬೇಡ.