ಕ್ಸೆನಾನ್ ಮಣಿದ ಸಂಜೆ

ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್ ಯಾವುದರ ಜೊತೆಗೂ ಸೇರುವುದಿಲ್ಲ ಎಂದು 1962ರವರೆಗೂ ರಸಾಯನಶಾಸ್ತ್ರದ ಮೇಷ್ಟ್ರುಗಳು ಗಟ್ಟಿಯಾಗಿ ಹೇಳುತ್ತಿದ್ದರು. ಹೊರಕವಚ ತುಂಬಿರುವ ಈ ಜಡಾನಿಲಗಳಿಗೆ ಎಲೆಕ್ಟ್ರಾನ್ ಕೊಡುವ ದರ್ದೂ ಇಲ್ಲ, ಪಡೆಯುವ ಆಸೆಯೂ ಇಲ್ಲ ಎಂಬುದು ಕಾರಣ. ಪ್ರಯೋಗಗಳೂ ಅದನ್ನೇ ಹೇಳಿದ್ದವು. ಫ್ಲೋರಿನ್ ಅನ್ನು ಮೊದಲು ಬೇರ್ಪಡಿಸಿದ ಆನ್ರಿ ಮೊಯಿಸಾನ್ 1895ರಲ್ಲಿ ಅದನ್ನು ಆರ್ಗಾನ್ ಜೊತೆ ಬೆರೆಸಿ ನೋಡಿದರು, ಏನೂ ಆಗಲಿಲ್ಲ. ಕ್ಸೆನಾನ್ ಫ್ಲೋರಿನ್ ಜೊತೆ ಸೇರಬಹುದು ಎಂದು 1933ರಲ್ಲಿ ಲೈನಸ್ ಪಾಲಿಂಗ್ ಊಹಿಸಿದರು. ಅವರದೇ ಕ್ಯಾಲ್ಟೆಕ್ ಸಂಸ್ಥೆಯ ಡಾನ್ ಯೋಸ್ಟ್ ಮತ್ತು ಆಲ್ಬರ್ಟ್ ಕೇ ಪ್ರಯತ್ನಿಸಿದರೂ ಕೈಗೆ ಏನೂ ಸಿಗಲಿಲ್ಲ.

ನೀಲ್ ಬಾರ್ಟ್ಲೆಟ್ ಕ್ಸೆನಾನ್ ಬೆನ್ನು ಹತ್ತಿದವರಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹುಟ್ಟಿ, ಕೆನಡಾದ ವ್ಯಾಂಕೂವರ್‌ನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ್ದ ಅವರ ಕೆಲಸ ಪ್ಲಾಟಿನಂ ಫ್ಲೋರೈಡುಗಳ ಮೇಲೆ ನಡೆದಿತ್ತು. ಗಾಜಿನ ಉಪಕರಣದಲ್ಲಿ ಪ್ಲಾಟಿನಂ ಲವಣಗಳನ್ನು ಫ್ಲೋರಿನ್ ಜೊತೆ ಕಾಯಿಸಿದಾಗ ಕೆಂಪು ಬಣ್ಣದ ಘನವೊಂದು ಉಳಿಯುತ್ತಿತ್ತು. ಬೇಡದ ಕಲಬೆರಕೆ ಎಂದು ಅವರು ಅದನ್ನು ಚೆಲ್ಲಲಿಲ್ಲ. ಡೆರೆಕ್ ಲೋಮನ್ ಜೊತೆ ಸೇರಿ ಬಿಡಿಸಿ ನೋಡಿದಾಗ, ಅದರೊಳಗೆ ಎಲೆಕ್ಟ್ರಾನ್ ಕಳೆದುಕೊಂಡ ಆಕ್ಸಿಜನ್ ಅಣು ಇತ್ತು. ಕಬ್ಬಿಣಕ್ಕೆ ತುಕ್ಕು ಹಿಡಿಸುವ, ಕಟ್ಟಿಗೆ ಉರಿಸುವ ಆಕ್ಸಿಜನ್ನಿನ ಸ್ವಭಾವವೇ ಎಲೆಕ್ಟ್ರಾನ್ ಕಸಿಯುವುದು. ಅದರಿಂದಲೇ ಕಸಿದುಕೊಂಡಿತ್ತು ಪ್ಲಾಟಿನಂ ಹೆಕ್ಸಾಫ್ಲೋರೈಡ್!

1962ರ ಆರಂಭದಲ್ಲಿ ಪಾಠಕ್ಕೆ ತಯಾರಿ ನಡೆಸುತ್ತಿದ್ದಾಗ ಬಾರ್ಟ್ಲೆಟ್ ಕಣ್ಣಿಗೆ ಅಯಾನೀಕರಣ ಶಕ್ತಿಯ ನಕ್ಷೆ ಬಿತ್ತು. ಆಕ್ಸಿಜನ್ ಅಣುವಿನಿಂದ ಒಂದು ಎಲೆಕ್ಟ್ರಾನ್ ಕೀಳಲು ಮೋಲ್ ಒಂದಕ್ಕೆ ಸುಮಾರು 1175 ಕಿಲೋಜೌಲ್ ಬೇಕು; ಕ್ಸೆನಾನ್‌ಗೆ ಸುಮಾರು 1170. ಮುಂದಿನದು ಶುದ್ಧ ಜಮಾ-ಖರ್ಚು. ಎಲೆಕ್ಟ್ರಾನ್ ಕೀಳುವುದು ಖರ್ಚು. ಪ್ಲಾಟಿನಂ ಸಂಯುಕ್ತ ಅದನ್ನು ಪಡೆದಾಗ, ಧನ-ಋಣ ಅಯಾನುಗಳು ಹರಳಾಗಿ ಒತ್ತಿ ನಿಂತಾಗ ಬಿಡುಗಡೆಯಾಗುವ ಶಕ್ತಿ ಜಮಾ. ಕ್ಸೆನಾನ್ ಮತ್ತು ಆಕ್ಸಿಜನ್ ಅಯಾನುಗಳ ಗಾತ್ರ ಹೆಚ್ಚುಕಡಿಮೆ ಒಂದೇ ಆದ್ದರಿಂದ ಹರಳಿನಿಂದ ಬರುವ ಜಮೆಯೂ ಹೆಚ್ಚುಕಡಿಮೆ ಅಷ್ಟೇ. ಆಕ್ಸಿಜನ್‌ಗೆ ಸರಿಹೋದ ಲೆಕ್ಕ ಕ್ಸೆನಾನ್‌ಗೂ ಸರಿಹೋಗಲೇಬೇಕು.

ಮಾರ್ಚ್ 23, ಶುಕ್ರವಾರ ಸಂಜೆ. ಉಪಕರಣದ ಒಂದು ಕಡೆ ಪ್ಲಾಟಿನಂ ಹೆಕ್ಸಾಫ್ಲೋರೈಡಿನ ಕಡುಗೆಂಪು ಆವಿ, ಇನ್ನೊಂದು ಕಡೆ ಬಣ್ಣವಿಲ್ಲದ ಕ್ಸೆನಾನ್, ನಡುವೆ ತೆಳುಗಾಜಿನ ತಡೆ. ಬಾರ್ಟ್ಲೆಟ್ ಅದನ್ನು ಒಡೆದದ್ದೇ ತಡ, ಕೋಣೆಯ ಉಷ್ಣತೆಯಲ್ಲೇ ಕಿತ್ತಳೆ-ಹಳದಿ ಘನ ಕೂತಿತು. ಯಾರಿಗಾದರೂ ತೋರಿಸೋಣವೆಂದು ಹುಡುಕಿದರೆ ಎಲ್ಲರೂ ಊಟಕ್ಕೆ ಹೋಗಿಬಿಟ್ಟಿದ್ದರು.

ಆ ಘನ ಅವರು ಬರೆದ ಸೂತ್ರದಷ್ಟು ಸರಳವಲ್ಲ, ಹಲವು ಸಂಯುಕ್ತಗಳ ಮಿಶ್ರಣ ಎಂಬುದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಬೀಗ ಮುರಿದಾಗಿತ್ತು. ಅದೇ ವರ್ಷ ಅಮೆರಿಕದ ಆರ್ಗೋನ್ (Argonne) ರಾಷ್ಟ್ರೀಯ ಪ್ರಯೋಗಾಲಯದವರು ಕ್ಸೆನಾನ್ ಮತ್ತು ಫ್ಲೋರಿನ್ ಅನ್ನು ನಿಕ್ಕಲ್ ಪಾತ್ರೆಯಲ್ಲಿ 400 ಡಿಗ್ರಿ ಸೆಲ್ಸಿಯಸ್‌ಗೆ ಒಂದು ಗಂಟೆ ಕಾಯಿಸಿ ಕ್ಸೆನಾನ್ ಟೆಟ್ರಾಫ್ಲೋರೈಡ್ ಪಡೆದರು. ಜರ್ಮನಿಯ ರುಡಾಲ್ಫ್ ಹೊಪ್ಪೆ ಕ್ಸೆನಾನ್ ಡೈಫ್ಲೋರೈಡ್ ತಯಾರಿಸಿದರು. ಒಣ ಗಾಜಿನ ಬುರುಡೆಯಲ್ಲಿ ಎರಡೂ ಅನಿಲ ತುಂಬಿ ಬಿಸಿಲಿಗಿಟ್ಟರೂ ಅದರ ಹರಳು ಕಟ್ಟುತ್ತದೆ ಎಂಬುದು ಬಳಿಕ ಗೊತ್ತಾಯಿತು. ಇವತ್ತು ಸಿಲಿಕಾನ್ ಮೇಲೆ ಸೂಕ್ಷ್ಮ ಯಂತ್ರಭಾಗಗಳನ್ನು ಕೆತ್ತಲು ಅದೇ ಡೈಫ್ಲೋರೈಡ್ ಬಳಕೆಯಲ್ಲಿದೆ.

1898ರಲ್ಲಿ ಸಿಕ್ಕ ಕ್ಸೆನಾನ್ 64 ವರ್ಷ ಕಾದದ್ದು ಬಿಸಿಲಿಲ್ಲದೆ ಅಲ್ಲ, ಆಗುವುದಿಲ್ಲವೆಂದು ಮೊದಲೇ ತೀರ್ಮಾನಿಸಿದ್ದರಿಂದ. ಬಾರ್ಟ್ಲೆಟ್ ನೋಡಿದ ಅಂಕಿಗಳು ಗುಟ್ಟಿನವಲ್ಲ, ಯಾರು ಬೇಕಾದರೂ ತೆರೆಯಬಹುದಾಗಿದ್ದ ಪುಟದಲ್ಲಿದ್ದವು. ನಮ್ಮ ಪಿಯುಸಿ ಮಕ್ಕಳು ಇಂಥ ಪಟ್ಟಿಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ಅದರ ಬದಲು 1175 ಮತ್ತು 1170 ಎಂಬ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದುಕೊಟ್ಟು, ಇದರಿಂದ ಏನು ಹೊಳೆಯುತ್ತದೆ ಎಂದು ಒಂದು ಪೀರಿಯಡ್ ಪೂರ್ತಿ ಯೋಚಿಸಲು ಬಿಡಬೇಕು.